ಪರಮಾಣು ಗಡಿಯಾರವೋ, ಬೈಜಿಕ ಗಡಿಯಾರವೋ? — ಒಂದು ಶಬ್ದವಿಮರ್ಶೆ

೧. ಪ್ರಸ್ತಾವ

ಒಂದು ಶಬ್ದವು ಹಲವು ಅರ್ಥಗಳನ್ನು ಹೇಳುವುದು ಭಾಷೆಗೆ ಹೊಸದಲ್ಲ. ‘ಹರಿ’ ಶಬ್ದವು ವಿಷ್ಣುವಿಗೂ ಸಿಂಹಕ್ಕೂ ಕಪಿಗೂ ಸಲ್ಲುವುದೆಂಬುದನ್ನು ಪಾಠಶಾಲೆಯ ಮೊದಲನೆಯ ವರ್ಷದ ವಿದ್ಯಾರ್ಥಿಯೂ ಬಲ್ಲನು. ಕಾವ್ಯದಲ್ಲಿ ಇಂಥ ಶಬ್ದವು ಶ್ಲೇಷಕ್ಕೆ ಒದಗಿ ಅಲಂಕಾರವಾಗುವುದು. ಶಾಸ್ತ್ರದಲ್ಲಿಯಾದರೋ ಅದೇ ಗುಣವು ದೋಷವಾಗಿ ಪರಿಣಮಿಸುವುದು. ಶಾಸ್ತ್ರವನ್ನು ಓದುವವನು ಶಬ್ದದಿಂದ ವಸ್ತುವಿಗೆ ನೇರವಾಗಿ ಹೋಗಬೇಕು. ಎರಡು ದಾರಿಗಳು ಕೂಡುವಲ್ಲಿ ನಿಂತು ಯಾವುದೆಂದು ಯೋಚಿಸುವಂತಾಗಬಾರದು. ಈ ಮಾತು ಎಲ್ಲರಿಗೂ ಸಮ್ಮತವಾದದ್ದೇ. ಆದರೂ ಈಚಿನ ಒಂದು ಪ್ರಸಂಗದಲ್ಲಿ ನಮ್ಮ ಬರವಣಿಗೆಯು ಇದನ್ನು ಮರೆತಿರುವುದರಿಂದ, ಆ ವಿಷಯವನ್ನು ವಿದ್ವಜ್ಜನರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆದಿರುವೆನು.

೨೦೨೪ನೆಯ ಇಸವಿಯಲ್ಲಿ ಥೋರಿಯಂ ಎಂಬ ಧಾತುವಿನ ಪರಮಾಣುಗಳ ಒಡಲೊಳಗಿನ ಬೀಜವನ್ನು ಲೇಸರ್ ಬೆಳಕಿನಿಂದ ಮೀಟಿ, ಅದರ ಕಂಪನವನ್ನು ಅಳೆಯುವ ಕಾರ್ಯವು ಪಶ್ಚಿಮದೇಶಗಳಲ್ಲಿಯೂ ಜಪಾನಿನಲ್ಲಿಯೂ ಬಹು ದೂರ ಮುಂದುವರಿಯಿತು. ಇದರಿಂದ ಹೊಸ ಬಗೆಯ ಗಡಿಯಾರವೊಂದು ಹುಟ್ಟುವುದೆಂಬ ವಾರ್ತೆಯು ಇಲ್ಲಿಗೂ ಬಂದಿತು. ಅದೇ ವರ್ಷದ ದಸರೆಯ ಹೊತ್ತಿಗೆ ಧಾರವಾಡದ ಒಂದು ಸಭೆಯಲ್ಲಿ ವೈಶೇಷಿಕರ ಕಾಲವಿಚಾರವನ್ನು ಕುರಿತು ಮಾತನಾಡುತ್ತ, “ಈ ವರ್ಷ ಪರಮಾಣು ಗಡಿಯಾರವನ್ನು ಕಂಡುಹಿಡಿಯುವ ದಾರಿ ತೆರೆಯಿತು” ಎಂದು ನಾನೂ ಹೇಳಿದೆನು. ಸಭೆ ಮುಗಿದ ಮೇಲೆ ಕಾಲೇಜಿನಲ್ಲಿ ಓದುವ ಒಬ್ಬ ಹುಡುಗಿ ಬಳಿಗೆ ಬಂದು, “ಗುರುಗಳ, ಪರಮಾಣು ಗಡಿಯಾರ ಉಪಗ್ರಹದಾಗ ಮೊದಲಿಂದನೂ ಅದಾವಲ್ಲರಿ? ಹಂಗಾದ್ರ ಇದು ಹೊಸಾದು ಹೆಂಗಾತ್ರಿ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ವಿಷಯವನ್ನು ಮನೆಗೆ ಹೋಗಿ ಓದಿದ ಮೇಲೆ, ತಪ್ಪು ಅವಳ ತಿಳಿವಳಿಕೆಯಲ್ಲಿರದೆ ನನ್ನ ಶಬ್ದದಲ್ಲಿತ್ತೆಂಬುದು ಮನವರಿಕೆಯಾಯಿತು. ಕಾರಣ ಈ ವಿಮರ್ಶೆಯಲ್ಲಿ ದೋಷಿಗಳ ಸಾಲಿನಲ್ಲಿ ಮೊದಲು ನನ್ನನ್ನೇ ನಿಲ್ಲಿಸಿಕೊಂಡಿರುವೆನೆಂದು ವಾಚಕರು ತಿಳಿಯಬೇಕು.

೨. ವಸ್ತುವಿಚಾರ

ಹೆಸರನ್ನು ವಿಚಾರಿಸುವ ಮೊದಲು ಹೆಸರುಳ್ಳ ವಸ್ತುವನ್ನು ತಿಳಿಯುವುದು ಕ್ರಮ.

ಯಾವ ಗಡಿಯಾರಕ್ಕಾದರೂ ಎರಡು ಅಂಗಗಳುಂಟು. ಒಂದೇ ತೆರನಾಗಿ ಮರಮರಳಿ ನಡೆಯುವ ಕ್ರಿಯೆಯೊಂದು. ಅದನ್ನು ಎಣಿಸುವ ಸಾಧನವೊಂದು. ನಮ್ಮ ಹಿರಿಯರ ಘಟೀಯಂತ್ರದಲ್ಲಿ ತಳಕ್ಕೆ ರಂಧ್ರವಿರುವ ಬಟ್ಟಲು ನೀರಿನಲ್ಲಿ ಮುಳುಗುವುದು ಕ್ರಿಯೆ. ಮುಳುಗಿದ ಸಲಗಳನ್ನು ಲೆಕ್ಕವಿಡುವುದು ಎಣಿಕೆ. ದಿನಕ್ಕೆ ಅರವತ್ತು ಘಟಿ. ಒಂದು ಘಟಿಯೆಂದರೆ ಇಂದಿನ ೨೪ ನಿಮಿಷ. ಗೋಡೆಯ ಗಡಿಯಾರದಲ್ಲಿ ಲೋಲಕದ ಓಲಾಟ, ಕೈಗಡಿಯಾರದಲ್ಲಿ ಸ್ಫಟಿಕದ ಕಂಪನ. ಕ್ರಿಯೆಯು ಎಷ್ಟು ಶೀಘ್ರವೋ, ಹೊರಗಿನ ಬಾಧೆಗೆ ಎಷ್ಟು ಅಲುಗದೆ ಇರುವುದೋ, ಗಡಿಯಾರವು ಅಷ್ಟು ನಿಷ್ಕೃಷ್ಟವಾಗುವುದು.

ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ವಿಜ್ಞಾನಿಗಳು ಮನುಷ್ಯನು ಮಾಡಿದ ಲೋಲಕ-ಸ್ಫಟಿಕಗಳನ್ನು ಬಿಟ್ಟು ಪ್ರಕೃತಿಯ ಸೂಕ್ಷ್ಮದ್ರವ್ಯಗಳನ್ನೇ ಆಶ್ರಯಿಸಿದರು. ೧೯೪೯ರಲ್ಲಿ ಅಮೆರಿಕದ ಮಾನಕ ಸಂಸ್ಥೆಯಲ್ಲಿ ಅಮೋನಿಯಾ ಅಣುವಿನ ಕಂಪನದಿಂದ ನಡೆಯುವ ಗಡಿಯಾರವಾಯಿತು. ೧೯೫೫ರಲ್ಲಿ ಇಂಗ್ಲೆಂಡಿನ ಟೆಡಿಂಗ್ಟನ್ನಿನಲ್ಲಿ ಎಸೆನ್ ಮತ್ತು ಪ್ಯಾರಿ ಎಂಬವರು ಸೀಸಿಯಂ ಪರಮಾಣುವಿನ ಗಡಿಯಾರವನ್ನು ನಡೆಯಿಸಿದರು. ೧೯೬೭ರಲ್ಲಿ ಸೆಕೆಂಡಿನ ಲಕ್ಷಣವನ್ನೇ ಬದಲಿಸಿ, ಸೀಸಿಯಂ-೧೩೩ರ ನಿಯತವಾದ ಒಂದು ವಿಕಿರಣವು ೯,೧೯,೨೬,೩೧,೭೭೦ ಸಲ ಕಂಪಿಸುವ ಕಾಲವೇ ಒಂದು ಸೆಕೆಂಡೆಂದು ರಾಷ್ಟ್ರಗಳು ಕೂಡಿ ಗೊತ್ತುಪಡಿಸಿದುವು. ಸೂರ್ಯನ ಗತಿಯಿಂದ ಕಾಲವನ್ನು ಅಳೆಯುತ್ತಿದ್ದ ಜಗತ್ತು ಅಂದಿನಿಂದ ಪರಮಾಣುವಿನ ಗತಿಯಿಂದ ಅಳೆಯುತ್ತಿರುವುದು.

ಈ ಗಡಿಯಾರವು ನಮಗೆ ದೂರದ್ದಲ್ಲ. ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿ ೨೦೧೩ರಲ್ಲಿ ಇಸ್ರೋ ಸಂಸ್ಥೆಯ ದಿಗ್ದರ್ಶನ ಕೇಂದ್ರವು ಆರಂಭವಾಯಿತು. ಅಲ್ಲಿಂದ ನೋಡಿಕೊಳ್ಳುವ ಉಪಗ್ರಹಗಳಲ್ಲಿ ರುಬಿಡಿಯಂ ಪರಮಾಣುವಿನ ಗಡಿಯಾರಗಳಿರುವುವು. ಅದೇ ವರ್ಷ ಹಾರಿಸಿದ ಮೊದಲನೆಯ ಉಪಗ್ರಹದಲ್ಲಿ ಪರದೇಶದಿಂದ ತರಿಸಿದ ಮೂರು ಗಡಿಯಾರಗಳೂ ಕೆಟ್ಟುಹೋದುದರಿಂದ ಅದರ ಸ್ಥಾನಕ್ಕೆ ಬೇರೊಂದನ್ನು ಕಳುಹಿಸಬೇಕಾಯಿತು. ೨೦೨೩ನೆಯ ಮೇ ೨೯ರಂದು ಹಾರಿದ ಎನ್‌ವಿಎಸ್-೦೧ ಉಪಗ್ರಹದಲ್ಲಿ ನಮ್ಮ ದೇಶದಲ್ಲಿಯೇ ಮಾಡಿದ ರುಬಿಡಿಯಂ ಗಡಿಯಾರವು ಹೋಯಿತು. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ತಪ್ಪಿದರೆ ಸ್ಥಾನದ ಲೆಕ್ಕದಲ್ಲಿ ಸುಮಾರು ಒಂದು ಅಡಿ ತಪ್ಪುವುದೆಂಬುದರಿಂದ, ಗಡಿಯಾರವು ಕೆಟ್ಟರೆ ಉಪಗ್ರಹವು ದಿಕ್ಕು ತೋರಿಸಲು ಅಸಮರ್ಥವಾಗುವುದೇಕೆಂಬುದು ಸ್ಪಷ್ಟವಾಗುವುದು. ಆ ಹುಡುಗಿ ಹೇಳಿದ ಪರಮಾಣು ಗಡಿಯಾರವು ಇದೇ.

ಈಗ ಹೊಸದನ್ನು ನೋಡುವ. ಪರಮಾಣುವಿನ ಮಧ್ಯದಲ್ಲಿ ಬೀಜವೊಂದುಂಟೆಂದು ರುದರ್ಫರ್ಡನು ೧೯೧೧ರಲ್ಲಿ ತೋರಿಸಿಕೊಟ್ಟನು. ಪರಮಾಣುವಿನ ಅಳತೆಯ ಹತ್ತಾರು ಸಾವಿರದಲ್ಲಿ ಒಂದು ಪಾಲಿನಷ್ಟು ಕಿರಿದಾದ ಆ ಬೀಜದ ಸುತ್ತ ಎಲೆಕ್ಟ್ರಾನುಗಳ ಆವರಣವಿರುವುದು. ಸೀಸಿಯಂ-ರುಬಿಡಿಯಂ ಗಡಿಯಾರಗಳಲ್ಲಿ ಎಣಿಸುವುದು ಈ ಎಲೆಕ್ಟ್ರಾನುಗಳ ಸ್ಥಿತಿಯ ಪಲ್ಲಟವನ್ನು. ಆವರಣವು ಹೊರಗಿರುವುದರಿಂದ ಅಕ್ಕಪಕ್ಕದ ವಿದ್ಯುತ್ತು, ಅಯಸ್ಕಾಂತ, ತಾಪ ಮೊದಲಾದುವು ಅದನ್ನು ಅಲುಗಿಸುವುವು. ಬೀಜವಾದರೋ ಒಳಗೆ, ಬಹು ಚಿಕ್ಕದಾಗಿ, ಬಹು ಬಿಗಿಯಾಗಿ ಕಟ್ಟಿರುವುದು. ಹೊರಗಿನ ಗಾಳಿ ಅಲ್ಲಿಗೆ ತಾಕುವುದು ಅತ್ಯಲ್ಪ. ಆದುದರಿಂದ ಬೀಜದ ಸ್ಥಿತಿಪಲ್ಲಟವನ್ನೇ ಎಣಿಸುವಂತಾದರೆ ಇನ್ನೂ ನಿಶ್ಚಲವಾದ ಗಡಿಯಾರವಾಗುವುದೆಂದು ಜರ್ಮನಿಯ ಪೈಕ್ ಮತ್ತು ಟಾಮ್ ಎಂಬವರು ೨೦೦೩ರಲ್ಲಿ ಸೂಚಿಸಿದರು.

ಇದಕ್ಕೆ ದೊಡ್ಡ ಅಡ್ಡಿಯೊಂದಿತ್ತು. ಬೀಜವನ್ನು ಮೂಲಸ್ಥಿತಿಯಿಂದ ಉತ್ತೇಜಿತ ಸ್ಥಿತಿಗೆ ಏರಿಸಲು ಸಾಧಾರಣವಾಗಿ ಸಾವಿರಾರು, ಲಕ್ಷಾಂತರ ಎಲೆಕ್ಟ್ರಾನ್-ವೋಲ್ಟುಗಳ ಶಕ್ತಿ ಬೇಕು. ಲೇಸರಿಗೆ ಅದು ನಿಲುಕದು. ಥೋರಿಯಂ-೨೨೯ ಒಂದೇ ಇದಕ್ಕೆ ಅಪವಾದವೆಂಬ ಸುಳಿವು ೧೯೭೬ರಲ್ಲಿ ದೊರೆಯಿತು. ಅದರ ಮೊದಲನೆಯ ಉತ್ತೇಜಿತ ಸ್ಥಿತಿಯು ಮೂಲಸ್ಥಿತಿಗೆ ಅತಿ ಸಮೀಪದಲ್ಲಿರುವುದು. ಎಷ್ಟು ಸಮೀಪವೆಂಬುದನ್ನು ೧೯೯೪ರಲ್ಲಿ ೩.೫ ಎಂದೂ ೨೦೦೭ರಲ್ಲಿ ೭.೬ ಎಂದೂ ಅಳೆದು, ಕೊನೆಗೆ ೨೦೨೪ರಲ್ಲಿ ೮.೩೫೫೭ ಎಲೆಕ್ಟ್ರಾನ್-ವೋಲ್ಟೆಂದು ನೆಲೆಗೊಳಿಸಿದರು.

ಇಲ್ಲಿ ಅಯಾನಿನ ಪ್ರಸ್ತಾಪವು ಬರುವುದು. ತಟಸ್ಥವಾದ ಥೋರಿಯಂ ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕೀಳಲು ಸುಮಾರು ೬.೩ ಎಲೆಕ್ಟ್ರಾನ್-ವೋಲ್ಟು ಸಾಕು. ಉತ್ತೇಜಿತವಾದ ಬೀಜದಲ್ಲಿ ೮.೩ಕ್ಕಿಂತ ಹೆಚ್ಚಿರುವುದರಿಂದ, ಅದು ತನ್ನ ಶಕ್ತಿಯನ್ನು ಪಕ್ಕದ ಎಲೆಕ್ಟ್ರಾನಿಗೆ ಕೊಟ್ಟು ಅದನ್ನು ಹೊರದೂಡಿ, ಸೆಕೆಂಡಿನ ಲಕ್ಷದಲ್ಲಿ ಒಂದು ಪಾಲಿನೊಳಗೇ ತಾನು ಶಾಂತವಾಗಿಬಿಡುವುದು. ಎಣಿಕೆಗೆ ಅವಕಾಶವೇ ಇಲ್ಲ. ಎರಡು ಮೂರು ಎಲೆಕ್ಟ್ರಾನುಗಳನ್ನು ಮೊದಲೇ ತೆಗೆದು ಅಯಾನನ್ನಾಗಿ ಮಾಡಿದರೆ, ಉಳಿದ ಎಲೆಕ್ಟ್ರಾನುಗಳ ಬಂಧವು ಬಿಗಿಯಾಗಿರುವುದರಿಂದ ಆ ದಾರಿ ಮುಚ್ಚುವುದು. ಬೀಜವು ಬಹುಕಾಲ ಉತ್ತೇಜಿತವಾಗಿಯೇ ನಿಲ್ಲುವುದು. ಇಂಥ ಅಯಾನುಗಳನ್ನು ನಿರ್ವಾತದಲ್ಲಿ, ಓಲಾಡುವ ವಿದ್ಯುತ್ಕ್ಷೇತ್ರಗಳ ಪಂಜರದಲ್ಲಿ, ಯಾವ ಗೋಡೆಗೂ ತಾಕದಂತೆ ಹಿಡಿದಿಡುವರು. ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಥೋರಿಯಮಿನಲ್ಲಿ ಹೊರಗಡೆ ಒಂದೇ ಎಲೆಕ್ಟ್ರಾನು ಉಳಿಯುವುದರಿಂದ ಅದನ್ನು ಲೇಸರಿನಿಂದ ತಣಿಸುವುದೂ ಪರೀಕ್ಷಿಸುವುದೂ ಸುಲಭ. ಬೀಜದ ಸ್ಥಿತಿ ಬದಲಾದರೆ ಆ ಎಲೆಕ್ಟ್ರಾನಿನ ರೋಹಿತರೇಖೆಗಳ ಸೂಕ್ಷ್ಮವಿನ್ಯಾಸವೂ ಬದಲಾಗುವುದು. ಹೀಗೆ ಬಾಗಿಲಲ್ಲಿರುವವನ ಮುಖವನ್ನು ನೋಡಿ ಮನೆಯೊಳಗಿನ ಸಂಗತಿಯನ್ನು ಊಹಿಸುವಂತೆ, ಎಲೆಕ್ಟ್ರಾನಿನ ರೋಹಿತವನ್ನು ನೋಡಿ ಬೀಜದ ಸ್ಥಿತಿಯನ್ನು ಓದುವರು. ೨೦೧೮ರಲ್ಲಿ ಜರ್ಮನಿಯವರು ಎರಡು ಎಲೆಕ್ಟ್ರಾನು ಕಳೆದ ಅಯಾನಿನಲ್ಲಿಯೂ, ೨೦೨೪ರಲ್ಲಿ ಜಪಾನಿನ ರೈಕೆನ್ ಸಂಸ್ಥೆಯ ಯಾಮಾಗುಚಿ ಮೊದಲಾದವರು ಮೂರು ಕಳೆದ ಅಯಾನಿನಲ್ಲಿಯೂ ಇದನ್ನು ಸಾಧಿಸಿದರು. ಎರಡನೆಯವರು ಉತ್ತೇಜಿತ ಬೀಜದ ಅರ್ಧಾಯುಷ್ಯವು ಸುಮಾರು ೧,೪೦೦ ಸೆಕೆಂಡುಗಳೆಂದೂ ಅಳೆದರು.

ಅದೇ ವರ್ಷ ಬೇರೊಂದು ಮಾರ್ಗದಲ್ಲಿ, ಥೋರಿಯಮನ್ನು ಸ್ಫಟಿಕದೊಳಗೆ ಸೇರಿಸಿ, ಜರ್ಮನಿ-ಆಸ್ಟ್ರಿಯಗಳ ಸಂಶೋಧಕರೂ ಅಮೆರಿಕದ ಸಂಶೋಧಕರೂ ಬೀಜವನ್ನು ಲೇಸರಿನಿಂದ ನೇರವಾಗಿ ಉತ್ತೇಜಿಸಿದರು. ಬೌಲ್ಡರ್ ಪಟ್ಟಣದ ಜಿಲಾ ಸಂಸ್ಥೆಯಲ್ಲಿ ಆ ಕಂಪನವನ್ನು ಸ್ಟ್ರಾನ್ಷಿಯಂ ಗಡಿಯಾರದೊಡನೆ ಹೋಲಿಸಿ, ಸೆಕೆಂಡಿಗೆ ಸುಮಾರು ೨,೦೨೦ ಲಕ್ಷ ಕೋಟಿ ಸಲವೆಂದು ಎಣಿಸಿದರು. ಇದೇ ವಸ್ತುಸ್ಥಿತಿ.

೩. ನಾಮವಿಚಾರ

ಮೇಲಿನ ಕಥನದಲ್ಲಿ ಮೂರು ಮೆಟ್ಟಲುಗಳಿರುವುದನ್ನು ವಾಚಕರು ಗಮನಿಸಿರಬಹುದು. ಮೊದಲು ಅಣುವಿನ ಗಡಿಯಾರ, ಅಮೋನಿಯದ್ದು. ಆಮೇಲೆ ಪರಮಾಣುವಿನ ಗಡಿಯಾರ, ಸೀಸಿಯಮಿನದು. ಈಗ ಬೀಜದ ಗಡಿಯಾರ, ಥೋರಿಯಮಿನದು. ಪ್ರಯೋಗಶಾಲೆಯು ಒಂದೊಂದೇ ಪದರವನ್ನು ಸೀಳಿ ಒಳಗೆ ಹೋಗಿರುವಾಗ ನಮ್ಮ ಭಾಷೆಯು ಮೂರನ್ನೂ ಒಂದೇ ಚೀಲಕ್ಕೆ ತುಂಬಿದರೆ, ಕನ್ನಡದಲ್ಲಿ ಓದುವವನಿಗೆ ಈ ಪ್ರಯಾಣವೇ ಕಾಣದು. ಹೊಸದೇನು ನಡೆಯಿತೆಂಬ ಪ್ರಶ್ನೆಗೆ “ಏನೂ ಇಲ್ಲ, ಹಳೆಯದೇ” ಎಂಬ ಉತ್ತರವು ಶಬ್ದದಿಂದಲೇ ಹೊರಡುವುದು.

ಲಕ್ಷಣಕ್ಕೆ ಮೂರು ದೋಷಗಳನ್ನು ತಾರ್ಕಿಕರು ಹೇಳುವರು. ಆಕಳೆಂದರೆ ಕೊಂಬುಳ್ಳದ್ದೆಂದರೆ ಎಮ್ಮೆಗೂ ಸಲ್ಲುವುದರಿಂದ ಅತಿವ್ಯಾಪ್ತಿ. ಕಪಿಲವರ್ಣದ್ದೆಂದರೆ ಬಿಳಿಯ ಆಕಳು ಬಿಟ್ಟುಹೋಗುವುದರಿಂದ ಅವ್ಯಾಪ್ತಿ. ಒಂಟಿಗೊರಸಿನದೆಂದರೆ ಯಾವ ಆಕಳಿನಲ್ಲಿಯೂ ಇಲ್ಲದಿರುವುದರಿಂದ ಅಸಂಭವ. ಪಾರಿಭಾಷಿಕ ಶಬ್ದವು ಸಂಕ್ಷಿಪ್ತವಾದ ಲಕ್ಷಣವೇ ಆದುದರಿಂದ ಈ ಒರೆಗಲ್ಲು ಅದಕ್ಕೂ ಸಲ್ಲುವುದು. ಹೊಸ ಗಡಿಯಾರಕ್ಕೆ ‘ಪರಮಾಣು ಗಡಿಯಾರ’ವೆಂದರೆ ಸೀಸಿಯಂ-ರುಬಿಡಿಯಂಗಳಿಗೂ ಹರಿಯುವುದರಿಂದ ಅತಿವ್ಯಾಪ್ತಿ. ‘ಥೋರಿಯಂ ಗಡಿಯಾರ’ವೆಂದರೆ ನಾಳೆ ಬೇರೊಂದು ಧಾತುವಿನ ಬೀಜವು ಒದಗಿದಾಗ ಅದನ್ನು ಹೇಳಲಾರದಾದುದರಿಂದ ಅವ್ಯಾಪ್ತಿ. ‘ಅಣು ಗಡಿಯಾರ’ವೆಂದರೆ, ಶಾಲೆಯ ಪುಸ್ತಕಗಳಲ್ಲಿ ಅಣುವೆಂಬುದು ಪರಮಾಣುಗಳು ಕೂಡಿ ಆದುದಕ್ಕೆ ಹೆಸರಾಗಿರುವುದರಿಂದ, ಅಸಂಭವ.

‘ಅಣು’ ಮತ್ತು ‘ಪರಮಾಣು’ ಶಬ್ದಗಳ ಈ ಗೊಂದಲವು ಇಂದಿನದಲ್ಲ. ೧೯೪೫ರಲ್ಲಿ ಜಪಾನಿನ ಮೇಲೆ ಬಿದ್ದದ್ದನ್ನು ನಾವು ‘ಅಣುಬಾಂಬು’ ಎಂದು ಕರೆದೆವು. ಉತ್ತರಕನ್ನಡದ ಕೈಗಾದಲ್ಲಿರುವುದನ್ನು ಕೆಲವರು ‘ಅಣು ವಿದ್ಯುತ್ ಸ್ಥಾವರ’ವೆಂದೂ ಕೆಲವರು ‘ಪರಮಾಣು ವಿದ್ಯುತ್ ಸ್ಥಾವರ’ವೆಂದೂ ಬರೆಯುವರು. ಎರಡು ಕಡೆಯಲ್ಲಿಯೂ ಕೆಲಸ ಮಾಡುವುದು ಬೀಜದ ಶಕ್ತಿಯೇ. ಆಗ ಈ ಸಡಿಲಿಕೆಯಿಂದ ಹಾನಿ ಕಾಣಲಿಲ್ಲ. ಏಕೆಂದರೆ ಪರಮಾಣುವಿನ ಆವರಣದಿಂದ ಸಿಡಿಯುವ ಬಾಂಬಾಗಲಿ ಸ್ಥಾವರವಾಗಲಿ ಬೇರೆ ಇರಲಿಲ್ಲ. ಗಡಿಯಾರದ ವಿಷಯದಲ್ಲಿ ಎರಡೂ ಇರುವುವು. ಹಳೆಯ ಸಾಲವು ಈಗ ಬಡ್ಡಿಸಹಿತ ಬಾಗಿಲಿಗೆ ಬಂದಿರುವುದು.

ಇನ್ನು ಯಾವ ಹೆಸರು ಯುಕ್ತ? ಮೂರನ್ನು ವಿಚಾರಿಸುವೆನು.

ಮೊದಲನೆಯದು ಅಚ್ಚಗನ್ನಡದ ‘ತಿರುಳು’. ಲ್ಯಾಟಿನ್ ಭಾಷೆಯ ನ್ಯೂಕ್ಲಿಯಸ್ ಶಬ್ದಕ್ಕೆ ಕಾಯಿಯೊಳಗಿನ ತಿರುಳೆಂಬುದೇ ಮೂಲಾರ್ಥವಾದುದರಿಂದ ಇದಕ್ಕಿಂತ ನೇರವಾದ ಶಬ್ದವಿಲ್ಲ. ಆದರೆ ‘ತಿರುಳು’ ನಮ್ಮ ನಿತ್ಯವ್ಯವಹಾರದಲ್ಲಿ ಸಾರಾಂಶವೆಂಬ ಅರ್ಥದಲ್ಲಿ ಬಹುವಾಗಿ ಸಂದಿರುವುದು. ‘ಪರಮಾಣುವಿನ ತಿರುಳು’ ಎಂದರೆ ಪರಮಾಣುವಾದದ ಸಾರವೆಂದು ತಿಳಿಯುವ ಭಯವುಂಟು. ಮನಸ್ಸಿಗೆ ಪ್ರಿಯವಾದರೂ ಇದನ್ನು ಬಿಡಬೇಕಾಗಿದೆ.

ಎರಡನೆಯದು ‘ನ್ಯೂಕ್ಲಿಯರ್’ ಶಬ್ದವನ್ನೇ ಕನ್ನಡದ ಲಿಪಿಯಲ್ಲಿ ಬರೆಯುವುದು. ಇದರಲ್ಲಿ ದೋಷವೇನೂ ಇಲ್ಲ. ಲೇಸರು, ಎಲೆಕ್ಟ್ರಾನುಗಳನ್ನು ಈ ಲೇಖನದಲ್ಲಿ ನಾನೂ ಹಾಗೆಯೇ ಬಳಸಿರುವೆನು. ಆದರೆ ಕನ್ನಡಕ್ಕೆ ತನ್ನದೇ ಶಬ್ದವು ಈಗಾಗಲೇ ಇರುವಲ್ಲಿ ಪರಶಬ್ದವನ್ನು ತಂದರೆ, ಹುಡುಗರು ಶಾಲೆಯಲ್ಲಿ ಒಂದನ್ನು ಕಲಿತು ಪತ್ರಿಕೆಯಲ್ಲಿ ಇನ್ನೊಂದನ್ನು ಓದುವಂತಾಗುವುದು.

ಆ ಶಬ್ದವೇ ಮೂರನೆಯದಾದ ‘ಬೈಜಿಕ’. ‘ಬೈಜಿಕ ವಿದಳನ’, ‘ಬೈಜಿಕ ಸಮ್ಮಿಲನ’ ಎಂಬ ಪ್ರಯೋಗಗಳು ನಮ್ಮ ಪಠ್ಯಪುಸ್ತಕಗಳಲ್ಲಿ ರೂಢವಾಗಿರುವುವು. ಬೀಜಕ್ಕೆ ಸಂಬಂಧಿಸಿದ್ದು ಬೈಜಿಕವೆಂಬುದು ವ್ಯಾಕರಣಶುದ್ಧವಾದ ತದ್ಧಿತರೂಪ. ಇದಕ್ಕೆ ಮೂರು ಆಕ್ಷೇಪಗಳು ಬರಬಹುದು. ಪರಮಾಣುವೆಂದರೆ ನಿರವಯವವಾದುದೆಂದು ವೈಶೇಷಿಕರ ಮತ. ಅವಯವವಿಲ್ಲದುದಕ್ಕೆ ಒಳಗೊಂದು ಬೀಜವೆಂದರೆ ವಿರೋಧವಲ್ಲವೆ ಎಂಬುದು ಮೊದಲನೆಯದು. ಗ್ರೀಕರ ಶಬ್ದಕ್ಕೂ ಕತ್ತರಿಸಲಾಗದ್ದೆಂದೇ ಅರ್ಥ. ಕತ್ತರಿಸಿದ ಮೇಲೂ ಅವರು ಹೆಸರನ್ನು ಬದಲಿಸಲಿಲ್ಲ. ಯೋಗಾರ್ಥಕ್ಕಿಂತ ರೂಢಿಯು ಬಲವತ್ತರವೆಂಬುದು ನಮ್ಮ ಶಾಸ್ತ್ರಜ್ಞರ ನಿರ್ಣಯವೂ ಆಗಿರುವುದರಿಂದ ಇದು ಬಾಧಕವಲ್ಲ. ಬೀಜವು ಮೊಳೆಯುವುದು, ಇದು ಮೊಳೆಯದು ಎಂಬುದು ಎರಡನೆಯದು. ಬೀಜಗಣಿತವೂ ಮೊಳೆಯದು, ಆದರೂ ಅದರ ಹೆಸರಿಗೆ ಯಾರೂ ತಕರಾರು ಮಾಡಿಲ್ಲ. ಸಂಸ್ಕೃತದ ‘ಬೈಜಿಕ’ಕ್ಕೂ ಕನ್ನಡದ ‘ಗಡಿಯಾರ’ಕ್ಕೂ ಅರಿಸಮಾಸವಾಗುವುದೆಂಬುದು ಮೂರನೆಯದು. ಕೇಶಿರಾಜನು ಅರಿಸಮಾಸವನ್ನು ನಿಷೇಧಿಸಿರುವುದು ನಿಜ. ಇಲ್ಲಿಯಾದರೋ ವಿಶೇಷಣವು ಬಿಡಿಯಾಗಿ ನಿಂತಿರುವುದರಿಂದ ಸಮಾಸವೇ ಇಲ್ಲ. ಮೇಲಾಗಿ ಗಡಿಯಾರದ ಮೂಲದಲ್ಲಿ ಘಟೀಶಬ್ದವೇ ಇರುವುದರಿಂದ ಎರಡೂ ಒಂದೇ ಮನೆತನದವು.

ಹೊಸ ಶಬ್ದವನ್ನು ಹೇಗೆ ಕಟ್ಟಬೇಕೆಂಬುದಕ್ಕೆ ಉತ್ತಮವಾದ ಮೇಲ್ಪಂಕ್ತಿಯು ಈ ವಿಷಯದಲ್ಲಿಯೇ ಇದೆ. ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಗೆ ಕನ್ನಡದಲ್ಲಿ ‘ರೋಹಿತ’ವೆನ್ನುವರು. ಬಾಗದೆ ನೆಟ್ಟಗಿರುವ ಇಂದ್ರಧನುಸ್ಸಿಗೆ ರೋಹಿತವೆಂದು ಅಮರಕೋಶದಲ್ಲಿ ಹೇಳಿದೆ. ಪಟ್ಟಕದಿಂದ ಹೊರಟ ಬಣ್ಣಗಳ ನೇರವಾದ ಪಟ್ಟಿಯು ನೆಟ್ಟಗೆ ಮಾಡಿದ ಕಾಮನಬಿಲ್ಲಲ್ಲದೆ ಮತ್ತೇನು? ಇದನ್ನು ಆಯ್ದವರು ಕೋಶವನ್ನೂ ಬಲ್ಲವರು, ವಸ್ತುವನ್ನೂ ಕಂಡವರು. ಬೆಳ್ಳಾವೆ ವೆಂಕಟನಾರಣಪ್ಪನವರಂಥವರು ೧೯೧೮ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದಾಗ ಕನ್ನಡಕ್ಕೆ ಇಂಥ ಎರಡು ಕಣ್ಣುಗಳ ಪಂಡಿತರಿದ್ದರು. ಕಿಟ್ಟೆಲ್ಲರ ನಿಘಂಟು ೧೮೯೪ರದು. ಎಲೆಕ್ಟ್ರಾನು ಕಂಡುಬಂದದ್ದು ೧೮೯೭ರಲ್ಲಿ. ಹಳೆಯ ನಿಘಂಟಿನಲ್ಲಿ ಹುಡುಕಿ ದೊರೆಯಲಿಲ್ಲವೆಂದು ಕೈಚೆಲ್ಲುವುದು ಪಾಂಡಿತ್ಯವಲ್ಲ. ವಸ್ತುವನ್ನು ತಿಳಿದು ಕಟ್ಟುವುದೇ ಪಾಂಡಿತ್ಯ.

೪. ಸ್ವಾಭಿಮಾನದ ಹೆಸರಿನಲ್ಲಿ ನಡೆಯುವ ದೋಷ

ಎರಡನೆಯ ದೋಷವು ನನ್ನಂಥ ಪಾಠಶಾಲೆಯವರದು. ಪರಮಾಣುವಿನ ಮಾತು ಬಂದೊಡನೆ, “ಇದನ್ನು ಕಣಾದರು ಹೇಳಿಯೇ ಇದ್ದಾರೆ” ಎಂದೂ, ಕಾಲಮಾನದ ಮಾತು ಬಂದೊಡನೆ, “ನಮ್ಮ ತ್ರುಟಿಯ ಮುಂದೆ ಇದೆಷ್ಟರದು” ಎಂದೂ ಹೇಳಿ ಚಪ್ಪಾಳೆ ಪಡೆಯುವುದು ನಮ್ಮಲ್ಲಿ ಅಭ್ಯಾಸವಾಗಿದೆ. ಇದನ್ನು ಲೆಕ್ಕಕ್ಕೆ ಹಚ್ಚಿ ನೋಡುವ.

ಕ್ರಿ.ಶ. ೧೧೫೦ರ ಸಿದ್ಧಾಂತಶಿರೋಮಣಿಯಲ್ಲಿ ಭಾಸ್ಕರಾಚಾರ್ಯರು ಕಾಲದ ವಿಭಾಗಗಳನ್ನು ಕೊಟ್ಟಿರುವರು. ನಿಮೇಷದ ಮೂವತ್ತನೆಯ ಪಾಲು ತತ್ಪರ, ಅದರ ನೂರನೆಯ ಪಾಲು ತ್ರುಟಿ. ಹದಿನೆಂಟು ನಿಮೇಷಕ್ಕೆ ಕಾಷ್ಠೆ, ಮೂವತ್ತು ಕಾಷ್ಠೆಗೆ ಕಲೆ, ಮೂವತ್ತು ಕಲೆಗೆ ಘಟಿ, ಅರವತ್ತು ಘಟಿಗೆ ದಿನ. ಇದರಂತೆ ದಿನಕ್ಕೆ ೯,೭೨,೦೦೦ ನಿಮೇಷಗಳೂ ೨,೯೧,೬೦,೦೦,೦೦೦ ತ್ರುಟಿಗಳೂ ಆಗುವುವು. ಒಂದು ಸೆಕೆಂಡಿಗೆ ಸುಮಾರು ೩೩,೭೫೦ ತ್ರುಟಿ. ಲೆಕ್ಕವು ಸುಂದರವಾಗಿದೆ. ಆದರೆ ಆಚಾರ್ಯರ ಕಾಲದಲ್ಲಿ ಕೈಯಲ್ಲಿದ್ದ ಯಂತ್ರವು ನೀರಿನ ಬಟ್ಟಲು. ಅದು ಘಟಿಯನ್ನು ತೋರಿಸಬಲ್ಲದು, ತ್ರುಟಿಯನ್ನು ತೋರಿಸಲಾರದು. ತ್ರುಟಿಯು ಗಣನೆಯಿಂದ ಸಿದ್ಧವಾದುದು, ಮಾಪನದಿಂದಲ್ಲ. ಭಾಗಾಕಾರವು ಬಲ್ಲವನು ಕಾಲವನ್ನು ಎಷ್ಟು ಚೂರುಗಳನ್ನಾಗಿಯಾದರೂ ಮಾಡಬಹುದು. ಆ ಚೂರನ್ನು ಹಿಡಿದು ತೋರಿಸುವುದು ಬೇರೆಯ ವಿದ್ಯೆ. ಗಣಿತಜ್ಞರಾದ ಆಚಾರ್ಯರಿಗೆ ಈ ಭೇದವು ತಿಳಿಯದೆ ಇರಲಿಲ್ಲ. ಅವರು ಹೇಳದ ಹೆಮ್ಮೆಯನ್ನು ಅವರ ಹೆಸರಿನಲ್ಲಿ ನಾವು ಹೇಳುವುದು ಗುರುಭಕ್ತಿಯಲ್ಲ.

ಇನ್ನೊಂದು ಉದಾಹರಣೆ. ಜಪಾನಿನವರು ಅಳೆದ ಅರ್ಧಾಯುಷ್ಯವು ೧,೪೦೦ ಸೆಕೆಂಡು. ನಮ್ಮ ಘಟಿಯು ೧,೪೪೦ ಸೆಕೆಂಡು. ಇದನ್ನು ಮೊದಲು ಓದಿದಾಗ ನನ್ನ ಮೈ ಜುಮ್ಮೆಂದದ್ದು ಸುಳ್ಳಲ್ಲ. ಬೀಜದೊಳಗೆ ಘಟಿಯು ಅಡಗಿದೆಯೆಂದು ಒಂದು ಉಪನ್ಯಾಸವನ್ನೇ ಮಾಡಬಹುದಾಗಿತ್ತು. ಆದರೆ ಆ ಸಂಶೋಧಕರು ತಮ್ಮ ಅಳತೆಯು ೩೦೦ ಸೆಕೆಂಡು ಕಡಿಮೆಯಾಗಿಯೋ ೬೦೦ ಸೆಕೆಂಡು ಹೆಚ್ಚಾಗಿಯೋ ಇರಬಹುದೆಂದು ತಾವೇ ಬರೆದಿರುವರು. ಅಷ್ಟು ಅಗಲವಾದ ಬಾಗಿಲಲ್ಲಿ ನಮ್ಮ ಘಟಿಯೂ ನುಗ್ಗಬಹುದು, ಇನ್ನೊಬ್ಬರ ಕಾಲಮಾನವೂ ನುಗ್ಗಬಹುದು. ಇದು ಕಾಕತಾಲೀಯ. ಕಾಗೆ ಕುಳಿತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಸಂಬಂಧ ಕಲ್ಪಿಸಬಾರದೆಂದು ನಮ್ಮ ಹಿರಿಯರೇ ಕಲಿಸಿರುವರು.

ಹಾಗಾದರೆ ನಮ್ಮ ದರ್ಶನಗಳಲ್ಲಿ ಇದಕ್ಕೆ ಸಲ್ಲುವುದು ಏನೂ ಇಲ್ಲವೆ? ಉಂಟು. ಕಾಲವು ಒಂದೇ, ವ್ಯಾಪಕವಾದುದು, ನಿತ್ಯವಾದುದು. ಕ್ಷಣ-ದಿನ ಮೊದಲಾದ ಭೇದಗಳು ಕ್ರಿಯೆಯೆಂಬ ಉಪಾಧಿಯಿಂದ ತೋರುವುವೆಂದು ವೈಶೇಷಿಕರು ಹೇಳುವರು. ನಾವು ಅಳೆಯುವುದು ಕಾಲವನ್ನಲ್ಲ, ಯಾವುದೋ ಒಂದು ಕ್ರಿಯೆಯನ್ನು ಎಂಬ ಈ ವಿವೇಕವು ಬಟ್ಟಲಿಗೂ ಸೀಸಿಯಮಿಗೂ ಥೋರಿಯಮಿಗೂ ಸಮಾನವಾಗಿ ಸಲ್ಲುವುದು. ಇದು ನಮ್ಮ ಸ್ವತ್ತು; ಇದನ್ನು ತಲೆಯೆತ್ತಿ ಹೇಳಬಹುದು. ಆದರೆ ಕಾಲವು ಎಲ್ಲೆಡೆಯೂ ಒಂದೇ ಎಂಬ ಅದೇ ಮತದ ಭಾಗವನ್ನು ಇಂದಿನ ಭೌತಶಾಸ್ತ್ರವು ಒಪ್ಪದು. ನೆಲದಿಂದ ಎತ್ತರಕ್ಕೆ ಹೋದಂತೆ ಗಡಿಯಾರವು ಬೇಗ ನಡೆಯುವುದು. ಧಾರವಾಡವು ಹುಬ್ಬಳ್ಳಿಗಿಂತ ಎತ್ತರದಲ್ಲಿರುವುದಷ್ಟೆ. ನೂರು ಮೀಟರ್ ಎತ್ತರದ ಅಂತರಕ್ಕೆ ವರ್ಷಕ್ಕೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ ಮೂರನೆಯ ಒಂದಂಶದಷ್ಟು ಭೇದವಾಗುವುದು; ಆಚಾರ್ಯರ ಒಂದು ತ್ರುಟಿಯಷ್ಟು ಮುಂದಾಗಲು ಸುಮಾರು ೮೬ ವರ್ಷ ಬೇಕು. ಅಲ್ಪವೆಂದು ಇದನ್ನು ಅಲ್ಲಗಳೆಯಲಾಗದು. ಇಂದಿನ ಶ್ರೇಷ್ಠ ಗಡಿಯಾರಗಳು ಒಂದು ಸೆಂಟಿಮೀಟರ್ ಎತ್ತರದ ಭೇದವನ್ನೂ ಹೇಳಬಲ್ಲುವು. ಪೂರ್ವಿಕರಿಗೆ ಸಲ್ಲುವುದನ್ನು ಸಲ್ಲಿಸಿ, ಸಲ್ಲದುದನ್ನು ಬಿಡುವುದೇ ಅವರಿಗೆ ಮಾಡುವ ಮರ್ಯಾದೆ.

೫. ಅತ್ಯುಕ್ತಿಯ ದೋಷ

ಮೂರನೆಯ ದೋಷವು ಉತ್ಸಾಹದಿಂದ ಬರುವುದು. “ಜಗತ್ತಿನ ಅತ್ಯಂತ ನಿಖರವಾದ ಗಡಿಯಾರವು ಸಿದ್ಧವಾಯಿತು” ಎಂಬ ವಾಕ್ಯವನ್ನು ಪರೀಕ್ಷಿಸುವ. ಸ್ಟ್ರಾನ್ಷಿಯಂ ಮೊದಲಾದ ಉತ್ತಮ ಪರಮಾಣು ಗಡಿಯಾರಗಳ ಅನಿಶ್ಚಯವು ಹತ್ತರ ಹದಿನೆಂಟನೆಯ ಘಾತದಲ್ಲಿ ಒಂದು ಪಾಲಿನಷ್ಟು. ಈ ಪ್ರಮಾಣದಲ್ಲಿ ಒಂದು ಸೆಕೆಂಡು ತಪ್ಪಲು ಸುಮಾರು ೩,೧೭೦ ಕೋಟಿ ವರ್ಷಗಳಾಗಬೇಕು. ೨೦೨೪ರಲ್ಲಿ ಬೌಲ್ಡರಿನವರು ಥೋರಿಯಮಿನ ಕಂಪನವನ್ನು ಎಣಿಸಿದಾಗ ಅನಿಶ್ಚಯವು ಹತ್ತರ ಹನ್ನೆರಡನೆಯ ಘಾತದಲ್ಲಿ ಒಂದು ಪಾಲು. ಎಂದರೆ ಸುಮಾರು ೩೧,೭೦೦ ವರ್ಷಕ್ಕೆ ಒಂದು ಸೆಕೆಂಡು. ಹಳೆಯದಕ್ಕಿಂತ ಹತ್ತು ಲಕ್ಷಪಟ್ಟು ಹಿಂದೆ. ಹಿಂದಿನ ಅಳತೆಗಳಿಗೆ ಹೋಲಿಸಿದರೆ ಅದು ಅದ್ಭುತವಾದ ಮುನ್ನಡೆಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ಆ ವರ್ಷ ಆದದ್ದು ಗಡಿಯಾರದ ಅಂಗಗಳು ಒಂದೆಡೆ ಕೂಡಿದುದು. ಅದು ಎಲ್ಲವನ್ನೂ ಮೀರಿಸಿದುದಲ್ಲ. ಹತ್ತೊಂಬತ್ತನೆಯ ಸ್ಥಾನದವರೆಗೆ ನಿಷ್ಕೃಷ್ಟವಾದ ಏಕಾಯಾನಿನ ಬೈಜಿಕ ಗಡಿಯಾರವು ಸಾಧ್ಯವೆಂದು ೨೦೧೨ರಲ್ಲಿ ಲೆಕ್ಕ ಹಾಕಿ ತೋರಿಸಿರುವರು. ಆಗಬಹುದೆಂಬುದನ್ನು ಆಯಿತೆಂದು ಬರೆಯುವುದು ಕಾಲಶಾಸ್ತ್ರದ ಲೇಖನದಲ್ಲಿಯೇ ಕಾಲದ ತಪ್ಪು.

ಇದರ ಜತೆಗೆ, “ನಮ್ಮ ಕರಾವಳಿಯ ಮರಳಿನಲ್ಲಿ ಥೋರಿಯಂ ಹೇರಳವಾಗಿರುವುದರಿಂದ ಇಂಥ ಗಡಿಯಾರಗಳಿಗೆ ನಾವೇ ಒಡೆಯರು” ಎಂಬ ಮಾತೂ ಕೇಳಿಬರುವುದು. ಮರಳಿನಲ್ಲಿರುವುದು ಥೋರಿಯಂ-೨೩೨. ಗಡಿಯಾರಕ್ಕೆ ಬೇಕಾದುದು ಥೋರಿಯಂ-೨೨೯. ಅದು ಯುರೇನಿಯಂ-೨೩೩ ಕ್ಷಯಿಸುವಾಗ ಹುಟ್ಟುವುದು. ಮರಳಿನ ಥೋರಿಯಮನ್ನು ರಿಯಾಕ್ಟರಿನಲ್ಲಿ ಸಂಸ್ಕರಿಸಿದರೆ ಆ ಯುರೇನಿಯಮನ್ನು ಪಡೆಯಬಹುದು; ಕಲ್ಪಾಕಮ್ಮಿನ ಕಾಮಿನಿ ರಿಯಾಕ್ಟರು ಅದರಿಂದಲೇ ನಡೆಯುವುದು. ಹೀಗೆ ಸಂಬಂಧವಿರುವುದು ನಿಜ. ಅದು ಪರಂಪರಾಸಂಬಂಧ, ಸಾಕ್ಷಾತ್ಸಂಬಂಧವಲ್ಲ. ಹೆಸರೊಂದೇ ಆದ ಮಾತ್ರಕ್ಕೆ ವಸ್ತುವೊಂದೇ ಆಗದೆಂಬ ನಮ್ಮ ಮೊದಲನೆಯ ಮಾತಿಗೆ ಇದೂ ನಿದರ್ಶನವಾಗಿರುವುದು.

೬. ಉಪಸಂಹಾರ

ಇಷ್ಟು ಸೂಕ್ಷ್ಮವು ಸಾಮಾನ್ಯರಿಗೆ ಏಕೆಂದು ಕೆಲವರು ಕೇಳಬಹುದು. ಧಾರವಾಡವು ೭೫ ರೇಖಾಂಶದಲ್ಲಿರುವುದು. ದೇಶದ ಸಮಯವು ೮೨½ ರೇಖಾಂಶದ್ದು. ಆದುದರಿಂದ ನಮ್ಮೂರಿನ ಸ್ವಂತ ಸಮಯವು ಗಡಿಯಾರಕ್ಕಿಂತ ಅರ್ಧ ತಾಸು, ಎಂದರೆ ಒಂದೂಕಾಲು ಘಟಿ, ಹಿಂದಿರುವುದು. ೧೯೦೬ರಲ್ಲಿ ದೇಶಕ್ಕೆಲ್ಲ ಒಂದೇ ಸಮಯವಾದ ಮೇಲೂ ಪಂಚಾಂಗವನ್ನು ನೋಡುವವರು ಈ ಅಂತರವನ್ನು ಕಳೆಯದೆ ಮುಹೂರ್ತವನ್ನು ಹೇಳುವುದಿಲ್ಲ. ಎರಡು ಸಮಯಗಳಿಗೆ ಎರಡು ಹೆಸರುಗಳಿರಬೇಕೆಂಬುದನ್ನು ಈ ಊರಿನ ಜೋಯಿಸರು ನೂರು ವರ್ಷಕ್ಕೂ ಮೇಲ್ಪಟ್ಟು ಪಾಲಿಸಿಕೊಂಡು ಬಂದಿರುವರು. ಎರಡು ಗಡಿಯಾರಗಳಿಗೆ ಎರಡು ಹೆಸರುಗಳನ್ನು ಇಡಲು ನಮಗೇನು ಕಷ್ಟ?

ಆದುದರಿಂದ ನನ್ನ ನಿವೇದನವಿಷ್ಟು. ಅಣುವಿನ ಕಂಪನದಿಂದ ನಡೆಯುವುದು ಅಣು ಗಡಿಯಾರ; ಪರಮಾಣುವಿನ ಎಲೆಕ್ಟ್ರಾನುಗಳಿಂದ ನಡೆಯುವುದು ಪರಮಾಣು ಗಡಿಯಾರ; ಬೀಜದಿಂದ ನಡೆಯುವುದು ಬೈಜಿಕ ಗಡಿಯಾರ. ಕೈಗಾದ ಸ್ಥಾವರದ ಹೆಸರನ್ನು ಇಂದೇ ಬದಲಿಸಬೇಕೆಂದು ನಾನು ಹೇಳುವುದಿಲ್ಲ. ರೂಢಿಯಾದುದು ಅಷ್ಟು ಬೇಗ ಕದಲದು. ಆದರೆ ಹೊಸದಾಗಿ ಬರೆಯುವವರ ಲೇಖನಿಯಲ್ಲಿ ಹಳೆಯ ಗೊಂದಲವು ಮುಂದುವರಿಯಬಾರದು. ಇದಕ್ಕಿಂತ ಉತ್ತಮವಾದ ಶಬ್ದವನ್ನು ಯಾರಾದರೂ ತೋರಿಸಿದರೆ ಸಂತೋಷದಿಂದ ಸ್ವೀಕರಿಸುವೆನು. ಮೂರಕ್ಕೆ ಮೂರು ಹೆಸರುಗಳಿರಬೇಕೆಂಬ ಒಂದು ಮಾತನ್ನು ಮಾತ್ರ ಬಿಡಲಾರೆನು.

ಆ ಹುಡುಗಿ ಕೇಳಿದ ಪ್ರಶ್ನೆಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಕೊಟ್ಟಿರುವೆನು. ಅವಳು ಇದನ್ನು ಓದಿ, ಇದರಲ್ಲಿಯೂ ತಪ್ಪಿದ್ದರೆ ಮತ್ತೆ ಬಂದು ಕೇಳಬೇಕೆಂದು ನನ್ನ ಆಸೆ.